ಮೂರು ಮಾರು, ಮೂರು ಫ್ಯಾದಮ್

ಚಿಕ್ಕಮಗಳೂರಿನಲ್ಲಿ ಲೈಸೆನ್ಸ್ ಸರ್ವೇಯರ್ ಕೆಲಸ ನನ್ನದು. ದಿನಾ ಕೈಗೆ ಬರುವುದು ಹಳೇ ಟಿಪ್ಪಣಿಗಳು, ಅಂದರೆ ಜಮೀನು ಅಳೆದು ಬರೆದಿಟ್ಟ ಸರ್ವೆ ದಾಖಲೆಗಳು. ಅವುಗಳಲ್ಲಿ ಅಳತೆ ಚೈನು, ಆಣೆಯ ಲೆಕ್ಕದಲ್ಲಿರುತ್ತದೆ. ಚೈನು ಅಂದರೆ 33 ಅಡಿ, ಅದಕ್ಕೆ 16 ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಇದ್ದರೆ 1089 ಚದರ ಅಡಿ, ಅದೇ ಒಂದು ಗುಂಟೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಾನು ಎಡವಿದ್ದೂ ಅದಕ್ಕೇ.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಮಾಲೀಕರು ಹಡಗಿನಲ್ಲಿ ದುಡಿದು ನಿವೃತ್ತರಾದವರು. ಊರವರಿಗೆಲ್ಲ ಅವರು ಕ್ಯಾಪ್ಟನ್ ಸಾಹೇಬ್ರು. ತೋಟ ಹಿಂದೆ ಇಂಗ್ಲಿಷ್ ಪ್ಲಾಂಟರ್ ಒಬ್ಬನ ಕೈಯಲ್ಲಿತ್ತಂತೆ. ಅವನ ಕಾಲದ ನಕ್ಷೆ, ಜೊತೆಗೊಂದು ಗೆದ್ದಲು ಹಿಡಿದ ನೋಟ್‌ಬುಕ್ ಕೊಟ್ಟು, 'ಇದನ್ನೆಲ್ಲ ಮೀಟರಿಗೆ ತಂದುಕೊಡಿ' ಅಂದರು. ನಕ್ಷೆಯಲ್ಲಿ 'ಚೈನ್' ಅಂತ ಕಂಡಿತು. ನಾನು ಸುಮ್ನೆ 33ರಿಂದ ಗುಣಿಸಿಕೊಂಡು ಹೋದೆ. 48 ಎಕರೆ ತೋಟ 12 ಎಕರೆಗೆ ಬಂತು!

'ಏನ್ರೀ, ಮುಕ್ಕಾಲು ತೋಟ ನುಂಗಿಬಿಟ್ರಲ್ಲ' ಅಂತ ಸಾಹೇಬ್ರು ನಕ್ಕರು. ನನಗೆ ನಗು ಬರಲಿಲ್ಲ.

ರಾತ್ರಿ ಮತ್ತೆ ನಕ್ಷೆ ಹಿಡಿದು ಕೂತೆ. ಒಂದು ಬದಿಗೆ 7 ಚೈನು, ಮುಂದೆ 35 ಅಂತ ಬರೆದಿತ್ತು. ಅಲ್ಲಿ ತಲೆ ಓಡಿತು. 16 ಆಣೆ ಆದರೆ ಒಂದು ಚೈನು ಪೂರ್ತಿಯಾಯಿತು, 35 ಆಣೆ ಎಲ್ಲಿಂದ ಬರಬೇಕು? ಇದು ನಮ್ಮ ಚೈನಲ್ಲ, ಗಂಟರ್ ಚೈನು. 1620ರ ಸುಮಾರಿಗೆ ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ ಬಳಕೆಗೆ ತಂದದ್ದು. 66 ಅಡಿ ಉದ್ದ, 100 ಲಿಂಕು, ಒಂದೊಂದು ಲಿಂಕು 7.92 ಇಂಚು. ಚೈನು ಎರಡರಷ್ಟು ಉದ್ದವಾದರೆ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ, ಅಲ್ವಾ? ಹೋದ ಮುಕ್ಕಾಲು ತೋಟ ಅಲ್ಲೇ ಸಿಕ್ಕಿತು.

ಗಂಟರ್ ಚೈನಿನ ಸುಖ ಏನೆಂದರೆ 7 ಚೈನು 35 ಲಿಂಕನ್ನು ಹಾಗೇ 7.35 ಅಂತ ಬರೆಯಬಹುದು. 66ರಿಂದ ಗುಣಿಸಿದರೆ 485.1 ಅಡಿ, ಅಂದರೆ 147.86 ಮೀಟರ್. ಹತ್ತು ಚದರ ಚೈನಿಗೆ ಸರಿಯಾಗಿ ಒಂದು ಎಕರೆ. ನಮ್ಮ ಟಿಪ್ಪಣಿಗೆ ಈ ಆಟ ನಡೆಯುವುದಿಲ್ಲ. 7 ಚೈನು 10 ಆಣೆಯನ್ನು ನನ್ನ ಹುಡುಗ ಎಕ್ಸೆಲ್‌ನಲ್ಲಿ 7.10 ಅಂತ ಒತ್ತಿದ್ದ. ಅದು 7.625 ಆಗಬೇಕು. ಒಂದೇ ಬದಿಯಲ್ಲಿ 17 ಅಡಿಗೂ ಜಾಸ್ತಿ ಖೋತಾ. ಪಕ್ಕದ ಜಮೀನಿನವರ ಜೊತೆ ಜಗಳ ಏಳುವುದಕ್ಕೆ ಅಷ್ಟು ಸಾಕು.

ಈಗ ನಾನು ಯಾವ ಅಳತೆಯೇ ಇರಲಿ ಮೊದಲು ಅಡಿಗೆ ತರುತ್ತೇನೆ. ಕೊನೆಗೆ ಒಂದೇ ಸಲ 0.3048ರಿಂದ ಗುಣಿಸುತ್ತೇನೆ. ಗಂಟರ್ ಚೈನಿಗೆ 20.1168 ಮೀಟರ್ ಇರುವಾಗ 20.1 ಸಾಕು ಅಂತ ಬಿಟ್ಟರೆ, ಒಂದು ಮೈಲಿಗೆ, ಅಂದರೆ 80 ಚೈನಿಗೆ, 1.34 ಮೀಟರ್ ಕಳೆದುಹೋಗುತ್ತದೆ.

ಸಾಹೇಬ್ರ ಬಾಯಲ್ಲಿ ಬರುವುದೆಲ್ಲ ಸಮುದ್ರದ ಲೆಕ್ಕ. 'ಗೇಟು ಇಲ್ಲಿಂದ ಎರಡು ಕೇಬಲ್' ಅನ್ನುತ್ತಾರೆ. ನಾನು ಕರೆಂಟಿನ ಕೇಬಲ್ ಅಂದುಕೊಂಡಿದ್ದೆ. ಅದು ನಾಟಿಕಲ್ ಮೈಲಿಯ ಹತ್ತನೇ ಒಂದು ಪಾಲು, 185.2 ಮೀಟರ್. ಗಂಟರ್ ಚೈನಿನಲ್ಲಿ 9.2. ನಾಟಿಕಲ್ ಮೈಲಿ 1852 ಮೀಟರ್, ನಮ್ಮ ರಸ್ತೆ ಮೈಲಿ ಬರೀ 1609. ಮುಳ್ಳಯ್ಯನಗಿರಿಯ 1930 ಮೀಟರಿನಲ್ಲಿ ಒಂದು ನಾಟಿಕಲ್ ಮೈಲಿ ನಿಲ್ಲಿಸಿ, ಮೇಲೆ 78 ಮೀಟರ್ ಉಳಿಸಬಹುದು. ಸಾಹೇಬ್ರಿಗೆ ಇದನ್ನು ಹೇಳಿದಾಗ ಕಾಫಿ ಇನ್ನೊಂದು ಲೋಟ ಬಂತು.

ಕೊನೆಗೆ ಉಳಿದದ್ದು ಕೆರೆ. ನೋಟ್‌ಬುಕ್ಕಿನಲ್ಲಿ, ಕೋಡಿ ಬೀಳುವ ಮಟ್ಟದಿಂದ ಆಳ '3 ಫ್ಯಾದಮ್' ಅಂತಿತ್ತು. ಫ್ಯಾದಮ್ ಅಂದರೆ 6 ಅಡಿ. ಆ ಮಾತಿನ ಹಳೇ ಅರ್ಥವೇ ಚಾಚಿದ ಎರಡು ತೋಳು. ನಮ್ಮ ಮಾರು! ನಾಲ್ಕು ಮೊಳಕ್ಕೆ ಒಂದು ಮಾರು, ಅದೂ 6 ಅಡಿಯೇ. ನನಗಂತೂ ಖುಷಿಯಾಯಿತು.

ಕೆರೆ ಆಗ ಕೋಡಿ ಮಟ್ಟಕ್ಕೇ ತುಂಬಿತ್ತು. ತೋಟದ ಹಳೇ ಆಳು ಹಗ್ಗಕ್ಕೆ ಕಲ್ಲು ಕಟ್ಟಿ, ತೆಪ್ಪದ ಮೇಲಿಂದ ನಡುಕೆರೆಗೆ ಇಳಿಬಿಟ್ಟ. ನೀರಿನ ಮಟ್ಟದಲ್ಲಿ ಗಂಟು ಹಾಕಿ ದಡಕ್ಕೆ ತಂದ. ಒದ್ದೆ ಹಗ್ಗವನ್ನು ಎದೆಯ ಮೇಲೆ ಎಳೆದು, ಕೈಯಿಂದ ಕೈಗೆ ಚಾಚಿ ಎಣಿಸಿದ. 'ಮೂರು ಮಾರು ಸಾರ್, ಸರಿಯಾಗಿ.'

'ನೋಡಿದ್ರಾ, ಒಂದಿಷ್ಟೂ ಹೂಳು ತುಂಬಿಲ್ಲ!' ಅಂದರು ಸಾಹೇಬ್ರು.

ನನಗೆ ಅನುಮಾನ. ಆತ ನನ್ನ ಭುಜದಷ್ಟು ಎತ್ತರ. 'ಅಣ್ಣಾ, ಸ್ವಲ್ಪ ಕೈ ಚಾಚು' ಅಂತ ಬೆರಳ ತುದಿಯಿಂದ ಬೆರಳ ತುದಿಗೆ ಟೇಪು ಹಿಡಿದೆ. 5 ಅಡಿ 5 ಇಂಚು. ಹಗ್ಗಕ್ಕೂ ಟೇಪು ಹಿಡಿದೆ, 16 ಅಡಿ 3 ಇಂಚು. ಪ್ಲಾಂಟರನ ಮೂರು ಫ್ಯಾದಮ್ ಅಂದರೆ 18 ಅಡಿ. ಅಲ್ಲಿಗೆ 1 ಅಡಿ 9 ಇಂಚು, ಅಂದರೆ 53 ಸೆಂಟಿಮೀಟರ್ ಹೂಳು ಕೂತಿದೆ.

'ನನ್ ಮಾರು ಗಿಡ್ಡ ಅಂತ ಮೊದ್ಲೇ ಹೇಳ್ಬೋದಿತ್ತಲ್ಲ ಸಾರ್' ಅಂತ ಆತ ಹಗ್ಗ ಸುತ್ತಿದ. ಸಾಹೇಬ್ರು ಆಗಲೇ ಫೋನ್ ತೆಗೆದು, ಬೇಸಿಗೆಗೆ ಜೆಸಿಬಿ ಸಿಗುತ್ತದಾ ಅಂತ ವಿಚಾರಿಸುತ್ತಿದ್ದರು.