ಹೊಸ ಉಬುಂಟುವಿಗೆ ಯಾವಾಗ ಬದಲಾಗಬೇಕು?

ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿ, ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬಿಡುಗಡೆಯಾಗುತ್ತದೆ. (2006ರ ಮೊದಲ ಎಲ್‌ಟಿಎಸ್ ಮಾತ್ರ ತಡವಾಗಿ ಜೂನ್‌ನಲ್ಲಿ ಬಂದಿತು, 6.06 ಎಂಬ ಅದರ ಸಂಖ್ಯೆಯೇ ಸಾಕ್ಷಿ: ಚುಕ್ಕಿಯ ಮೊದಲು ವರ್ಷ, ಆಮೇಲೆ ತಿಂಗಳು.) ಹೊಸದು ಬಂದ ದಿನವೇ ಹಾಕಿಕೊಳ್ಳಲು ಕೈ ತುರಿಸುವುದು ಸಹಜ. ಸ್ವಲ್ಪ ತಡೆಯಿರಿ.

ಮೊದಲು, ಈಗಿರುವ ಆವೃತ್ತಿಗೆ ಎಷ್ಟು ಆಯುಷ್ಯ ಉಳಿದಿದೆ ನೋಡಿ. ಬಿಡುಗಡೆಯ ವರ್ಷಕ್ಕೆ ಐದು ಕೂಡಿಸಿದರೆ ಲೆಕ್ಕ ಸಿಗುತ್ತದೆ: 22.04ಕ್ಕೆ 2027ರವರೆಗೆ ಸಾಮಾನ್ಯ ಭದ್ರತಾ ಅಪ್‌ಡೇಟ್ ಇದೆ, 20.04ರ ಗಡುವು 2025ರ ಮೇ ತಿಂಗಳಲ್ಲಿ ಮುಗಿಯಿತು. ಗಡುವು ಮೀರಿದವರು ಭದ್ರತಾ ಅಪ್‌ಡೇಟ್‌ಗಳನ್ನು ಮುಂದುವರಿಸುವ ಚಂದಾ ಸೇವೆಯಾದ ಉಬುಂಟು ಪ್ರೊ ಸೇರಿಕೊಳ್ಳಬಹುದು. ವೈಯಕ್ತಿಕ ಬಳಕೆಗೆ ಐದು ಗಣಕಗಳವರೆಗೆ ಅದು ಉಚಿತ, ಆವೃತ್ತಿಯ ಆಯುಷ್ಯವೂ ಹತ್ತು ವರ್ಷಕ್ಕೆ ಏರುತ್ತದೆ.

ಎರಡನೆಯದಾಗಿ, ಸಂಖ್ಯೆಯ ಕೊನೆಗೆ .1 ಸೇರುವವರೆಗೆ, ಅಂದರೆ ತಿದ್ದುಪಡಿಗಳನ್ನು ಒಳಗೊಂಡ ಮೊದಲ ಮರುಬಿಡುಗಡೆಯವರೆಗೆ, ಕಾಯಿರಿ. ಹಳೆಯ ಎಲ್‌ಟಿಎಸ್ ಬಳಸುವವರಿಗೆ ಅಪ್‌ಗ್ರೇಡ್ ಸೂಚನೆ ಬರುವುದೇ ಆಗ. 2024ರ ಏಪ್ರಿಲ್‌ನಲ್ಲಿ ಬಂದ 24.04ಕ್ಕೆ ಆ .1 ಸೇರಿದ್ದು ಆಗಸ್ಟ್ ಕೊನೆಯಲ್ಲಿ. ಆಮೇಲೂ ಅಪ್‌ಗ್ರೇಡ್ ಸಾಧನದಲ್ಲೇ ದೋಷ ಕಂಡು, ಕೆಲವು ದಿನ ದಾರಿಯನ್ನೇ ಮುಚ್ಚಬೇಕಾಯಿತು. ಸರ್ವರ್ ನೋಡಿಕೊಳ್ಳುವವರು .2ರವರೆಗೂ ಕಾದರೆ ನಾನು ಅದನ್ನು ಪುಕ್ಕಲುತನ ಎನ್ನುವುದಿಲ್ಲ.

ನಿಜವಾದ ತಲೆನೋವು ನೀವು ದಿನವೂ ಬಳಸುವ ತಂತ್ರಾಂಶಗಳದು. 22.04ರಿಂದ 24.04ಕ್ಕೆ ಹೋದವರ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ 3.10ರಿಂದ 3.12ಕ್ಕೆ ಜಿಗಿಯಿತು; ಒಂದೊಂದು ಕೆಲಸಕ್ಕೂ ಪ್ರತ್ಯೇಕವಾಗಿ ಕಟ್ಟಿಕೊಂಡ ಹಳೆಯ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳನ್ನು ಮತ್ತೆ ಕಟ್ಟಬೇಕಾಯಿತು. ಪೋಸ್ಟ್‌ಗ್ರೆಸ್‌ ಎಂಬ ದತ್ತಾಂಶ ಸಂಗ್ರಹದ ತಂತ್ರಾಂಶದ 14ನೇ ಆವೃತ್ತಿಯ ಪಕ್ಕದಲ್ಲಿ 16 ಬಂದು ಕೂತಿತು, ಆದರೆ ದತ್ತಾಂಶ ತಾನಾಗಿ ಅಲ್ಲಿಗೆ ಹೋಗಲಿಲ್ಲ. ಪಿಪಿಎಗಳನ್ನಂತೂ, ಅಂದರೆ ಉಬುಂಟುವಿನ ಅಧಿಕೃತ ಸಂಗ್ರಹದ ಹೊರಗಿನ ತಂತ್ರಾಂಶ ಮೂಲಗಳನ್ನು, ಅಪ್‌ಗ್ರೇಡ್ ಸಾಧನ ನಿಷ್ಕ್ರಿಯಗೊಳಿಸುತ್ತದೆ. ಆದ್ದರಿಂದ ಕೆಲಸಕ್ಕೆ ಬೇಕೇ ಬೇಕಾದವನ್ನೆಲ್ಲ ಬರೆದುಕೊಂಡು, ಒಂದೊಂದಕ್ಕೂ ಹೊಸ ಆವೃತ್ತಿಯಲ್ಲಿ ಬೆಂಬಲ ಇದೆಯೇ ಪರೀಕ್ಷಿಸಿ. ಒಂದಕ್ಕಿಲ್ಲದಿದ್ದರೂ, ಗಡುವು ದೂರವಿದ್ದರೆ ಇದ್ದಲ್ಲೇ ಇರಿ.

ಯಂತ್ರಾಂಶದ ಪರೀಕ್ಷೆ ಸುಲಭ. ಹೊಸ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ, ವೈಫೈ, ಧ್ವನಿ, ಎರಡನೆಯ ಪರದೆ ನೋಡಿ.

ಒಂದು ಎಲ್‌ಟಿಎಸ್ ಹಾರಿಸಿ ಮುಂದಿನದಕ್ಕೆ ಹೋಗಲಾಗದು, 20.04ರವರು 22.04ರ ಮೂಲಕವೇ ಸಾಗಬೇಕು. ಅಷ್ಟು ಹಿಂದುಳಿದಿದ್ದರೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಲೇಸು ಎಂಬುದು ನನ್ನ ಅನುಭವ.

ಹಿಂದಿನ ಆವೃತ್ತಿಗೆ ಮರಳುವ ಗುಂಡಿ ಇಲ್ಲ. ಬ್ಯಾಕಪ್ ತೆಗೆದು, ಅದರಿಂದ ಒಂದೆರಡು ಕಡತಗಳನ್ನು ತೆರೆದೂ ನೋಡಿ. ಮರುದಿನ ತುರ್ತು ಕೆಲಸವಿಲ್ಲದ ಒಂದು ಸಂಜೆ, ಲ್ಯಾಪ್‌ಟಾಪ್‌ಗೆ ಚಾರ್ಜರ್ ಸಿಕ್ಕಿಸಿಕೊಂಡು ಶುರುಮಾಡಿ.