ಲಾರಿ ನಂಬರ್ ಸುಲಿದು ಸುಲಿದು ಗಣಿತ ಕೈಗೆ ಬಂತು: ನನ್ನ ಅನುಭವ

ಮೊದಲು ಅಂಕಗಳನ್ನೇ ಹೇಳಿಬಿಡುತ್ತೇನೆ. 2021ರಲ್ಲಿ ರೈಲ್ವೆ ಎನ್‌ಟಿಪಿಸಿ (ಸ್ಟೇಷನ್ ಮಾಸ್ಟರ್, ಗುಮಾಸ್ತರಂಥ ಹುದ್ದೆಗಳ) ಮೊದಲ ಹಂತದ ಪರೀಕ್ಷೆ ಬರೆದಾಗ ಗಣಿತದ 30 ಪ್ರಶ್ನೆಯನ್ನೂ ಮುಟ್ಟಿದ್ದೆ. 17 ಸರಿ, 13 ತಪ್ಪು. ಮೂರು ತಪ್ಪಿಗೆ ಒಂದು ಅಂಕ ಹೋಗುತ್ತದೆ ಅಲ್ವಾ, ಉಳಿದದ್ದು 12.67. 2025ರ ಜೂನ್‌ನಲ್ಲಿ ಮತ್ತೆ ಅದೇ ಪರೀಕ್ಷೆ. 28 ಮುಟ್ಟಿದೆ, 26 ಸರಿ. 25.33. ಕೀ ಉತ್ತರ ಬಂದ ದಿನ ಮೂರು ಸಲ ಎಣಿಸಿ ನೋಡಿದೆ.

ಇವೆರಡರ ನಡುವೆ ನಾನು ಗಣಿತದ ಹೊಸ ಪುಸ್ತಕ ಕೊಂಡಿಲ್ಲ. ಕಲಬುರಗಿಯ ಒಂದು ದಾಲ್ ಮಿಲ್ಲಿನ ವೇ ಬ್ರಿಜ್‌ನಲ್ಲಿ ಲಾರಿಗಳ ತೂಕ ಬರೆಯುವ ಕೆಲಸ ಮಾಡುತ್ತಾ, ಬಂದ ಬಂದ ಲಾರಿಯ ನಂಬರನ್ನು ಬಾಯಲ್ಲೇ ಅವಿಭಾಜ್ಯ ಅಪವರ್ತನಗಳಾಗಿ ಒಡೆಯುತ್ತಾ ಕೂತೆ. ನನ್ನ ಜೊತೆ ಓದುವ ಹುಡುಗರು ಇದನ್ನು ನಂಬಲಿಲ್ಲ. 'ಲೆಕ್ಕ ಬಿಡಿಸೋದು ಬಿಟ್ಟು ಲಾರಿ ನೋಡ್ಕೋತ ಕೂತ್ರ ನೌಕರಿ ಬರ್ತದೇನು?' ಅಂದರು. ಅವರಲ್ಲಿ ಇಬ್ಬರು ಈಗ ಸಂಜೆ ನನ್ನ ಹತ್ತಿರ ಬರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಣ ಎಲ್ಲಿ ಹೋಯಿತು ಅನ್ನೋದು ಮೊದಲು. 2019ರಲ್ಲಿ ಧಾರವಾಡಕ್ಕೆ ಹೋದೆ. ಕೋಚಿಂಗ್ ಫೀಸು ಸುಮಾರು 16 ಸಾವಿರ. ರೂಮು, ಮೆಸ್ಸು ಸೇರಿ ತಿಂಗಳಿಗೆ 5 ಸಾವಿರದ ಮೇಲೆ, ನಾಲ್ಕು ತಿಂಗಳು. ಹೋಗಿ ಬರುವ ಬಸ್ಸು, ಜೆರಾಕ್ಸು, ಪುಸ್ತಕ. ಎಲ್ಲ ಸೇರಿ 40 ಸಾವಿರ ಆಯಿತು. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಅವರು ಅದರಲ್ಲಿ ಅರ್ಧ ಸಾಲ ತಂದಿದ್ದರು. ಅಲ್ಲಿ ಕಲಿಸಿದ್ದು ಶಾರ್ಟ್‌ಕಟ್. ಬೋರ್ಡಿನ ಮೇಲೆ ಮೂರು ಸೆಕೆಂಡಿನಲ್ಲಿ ಉತ್ತರ ಬರುತ್ತಿತ್ತು. ರೂಮಿಗೆ ಬಂದರೆ ಯಾವ ಲೆಕ್ಕಕ್ಕೆ ಯಾವ ಶಾರ್ಟ್‌ಕಟ್ ಅನ್ನೋದೇ ಗೊತ್ತಾಗುತ್ತಿರಲಿಲ್ಲ. 40ರ ತನಕ ಮಗ್ಗಿ, 100ರ ತನಕ ವರ್ಗ, 30ರ ತನಕ ಘನ, ಎಲ್ಲ ಬಾಯಿಪಾಠ ಮಾಡಿದೆ. ಘಾತದ ಕೊನೆಯ ಅಂಕಿಯ ಪಟ್ಟಿಯನ್ನೂ ಉರು ಹೊಡೆದೆ. ಅದಕ್ಕೇ ಒಂದು ತಿಂಗಳು ಹೋಯಿತು. ಘಾತಾಂಕವನ್ನು 4ರಿಂದ ಭಾಗಿಸಿ ಶೇಷ ನೋಡಿದರೆ ಮುಗಿಯುವ ಕೆಲಸ ಅದು.

2022ರಲ್ಲಿ ರೈಲ್ವೆಯದೇ ಗ್ರೂಪ್ ಡಿ ಪರೀಕ್ಷೆ ಬರೆದೆ. ಆಗ ಇನ್ನೊಂದು ತಪ್ಪು. ವರ್ಷಕ್ಕೆ 400 ರೂಪಾಯಿ ಕಟ್ಟಿ ಮೊಬೈಲಿನಲ್ಲಿ ಮಾಕ್ ಟೆಸ್ಟ್ ತಗೊಂಡೆ. ಸುಮಾರು 150 ಟೆಸ್ಟ್ ಬರೆದಿರಬೇಕು. ಅಂಕ ನೋಡೋದು, ಬೇಜಾರಾಗೋದು, ಮುಂದಿನದು ಒತ್ತೋದು. ತಪ್ಪಾದದ್ದು ಯಾಕೆ ತಪ್ಪಾಯಿತು ಅಂತ ಒಂದು ದಿನವೂ ಕೂತು ನೋಡಲಿಲ್ಲ. 25ಕ್ಕೆ 14 ಸರಿ ಬಂತು. ಅಲ್ಲಿಗೆ ಮನೆಯಲ್ಲಿ ಮಾತು ಶುರುವಾಯಿತು. ನಮ್ಮ ಕಲ್ಯಾಣ ಕರ್ನಾಟಕಕ್ಕೆ 371ಜೆ ಮೀಸಲಾತಿ ಇದೆ, ರಾಜ್ಯ ಸರ್ಕಾರದ ನೌಕರಿಗೆ ಓದು, ರೈಲ್ವೆ ಕೇಂದ್ರದ್ದು, ಅಲ್ಲಿ ನಮ್ಮ ಭಾಗಕ್ಕೆ ಅದು ನಡೆಯಲ್ಲ ಅಂತ. ಮಾತು ಸರಿಯೇ ಇತ್ತು. ಆದರೆ ನನಗೆ ರೈಲ್ವೆಯೇ ಬೇಕಿತ್ತು. ವೇ ಬ್ರಿಜ್ ಕೆಲಸಕ್ಕೆ ಸೇರಿದೆ, ತಿಂಗಳಿಗೆ 9 ಸಾವಿರ.

ಅಲ್ಲಿ ಕೂತಾಗ 2022ರ ತಪ್ಪುಗಳನ್ನು ಮೊದಲ ಸಲ ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಪ್ರತಿ ತಪ್ಪಿನ ಮುಂದೆ ಒಂದೇ ಸಾಲು: ಎಲ್ಲಿ ನಿಂತೆ? ಬರೆದು ಮುಗಿದ ಮೇಲೆ ನನಗೇ ಆಶ್ಚರ್ಯ. ಸೂತ್ರ ಗೊತ್ತಿಲ್ಲದೆ ಹೋದದ್ದು ಎರಡೋ ಮೂರೋ. ಉಳಿದ ಎಲ್ಲ ಕಡೆ ನಾನು ನಿಂತದ್ದು ಸಂಖ್ಯೆಯ ಮುಂದೆ. 1,980 ಕಂಡರೆ ಅದು ನನಗೆ ಬರೀ ನಾಲ್ಕು ಅಂಕಿ. ಅದರ ಒಳಗೆ ಏನಿದೆ ಅಂತ ಕಾಣುತ್ತಿರಲಿಲ್ಲ. ಒಳಗೆ 2, 2, 3, 3, 5, 11 ಇದೆ ಅಂತ ತಕ್ಷಣ ಕಂಡಿದ್ದರೆ, ಪೂರ್ಣ ವರ್ಗ ಮಾಡಲು 55ರಿಂದ ಗುಣಿಸಬೇಕು, ಅಪವರ್ತನ 36 ಇವೆ, ಎಲ್ಲ ಒಂದೇ ಏಟಿಗೆ ಬಂತು. ಮಸಾಅ, ಲಸಾಅ, ಶೇಷ, ಭಿನ್ನರಾಶಿ ಸಣ್ಣದು ಮಾಡೋದು, ಎಲ್ಲದರ ತಳದಲ್ಲಿ ಇದೇ ಇದೆ. ತೊಗರಿ ಕಾಯಿ ಸುಲಿದ ಹಾಗೆ ಸಂಖ್ಯೆ ಸುಲಿಯೋದು ಕಲಿತರೆ ಉಳಿದದ್ದು ಸುಲಭ.

ಹಾಗಾಗಿ ಲೆಕ್ಕ ಬಿಡಿಸೋದನ್ನೇ ನಿಲ್ಲಿಸಿದೆ. ಮೂರು ತಿಂಗಳು ಒಂದೂ ಪೂರ್ತಿ ಲೆಕ್ಕ ಇಲ್ಲ. ಜನ ನಕ್ಕದ್ದು ಇದಕ್ಕೇ.

ಮಾಡಿದ್ದು ಇಷ್ಟು. ಲಾರಿ ಬಂದು ನಿಂತಿತು. ಕೆಎ 32 ಇರಲಿ, 33 ಇರಲಿ, 38 ಇರಲಿ, ಕೊನೆಯ ನಾಲ್ಕು ಅಂಕಿ ತಗೊಂಡೆ. ಪೆನ್ನು ಮುಟ್ಟಬಾರದು. ಬಾಯಿಬಿಟ್ಟು ಹೇಳುತ್ತಾ ಒಡೆಯಬೇಕು. ಮುಂದಿನ ಲಾರಿ ಬರುವ ತನಕ ಸಮಯ. ಮೊದಲ ವಾರ ಒಂದು ನಂಬರಿಗೆ ಎರಡು, ಮೂರು ನಿಮಿಷ ಹಿಡಿಯುತ್ತಿತ್ತು. ಅರ್ಧಕ್ಕೆ ಏನು ಉಳಿದಿತ್ತು ಅನ್ನೋದೇ ಮರೆತು ಹೋಗುತ್ತಿತ್ತು. ಡಿಸೆಂಬರ್‌ನಿಂದ ಫೆಬ್ರುವರಿ ತನಕ ತೊಗರಿ ಸೀಸನ್, ಲಾರಿ ಸಾಲು ನಿಂತಿರುತ್ತದೆ. ದಿನಕ್ಕೆ 60, 70 ನಂಬರ್ ಸಿಗುತ್ತಿದ್ದವು. ನಲವತ್ತು ದಿನಕ್ಕೆ 25 ಸೆಕೆಂಡಿಗೆ ಬಂದೆ. ಈಗ ಹೆಚ್ಚಿನವು 10 ಸೆಕೆಂಡ್.

ಬಾಯಿಬಿಟ್ಟು ಹೇಳೋದು ಮುಖ್ಯ. ಮನಸ್ಸಿನಲ್ಲೇ ಮಾಡಿದರೆ ನಾವೇ ನಮಗೆ ಮೋಸ ಮಾಡಿಕೊಳ್ಳುತ್ತೇವೆ. 'ಆಯ್ತು, ಬಂತು' ಅಂತ ಅರ್ಧಕ್ಕೆ ಬಿಡುತ್ತೇವೆ. ಡ್ರೈವರ್‌ಗಳು ಮೊದಲು ವಿಚಿತ್ರವಾಗಿ ನೋಡುತ್ತಿದ್ದರು. ಆಮೇಲೆ ಒಬ್ಬರು ಕೆಳಗಿಳಿದು ತಾವೇ ಕೇಳತೊಡಗಿದರು, 'ನನ್ನ ಗಾಡಿ ಇವತ್ತು ಎಷ್ಟು ತುಂಡಾಯ್ತು?' ಅಂತ.

31ರ ತನಕ ಒಡೆಯದಿದ್ದರೆ ಬಿಡು ಅಂತ ನಿಯಮ ಇಟ್ಟುಕೊಂಡಿದ್ದೆ. ಒಂದು ದಿನ 4891 ಬಂತು. 31ರ ತನಕ ಏನೂ ಇಲ್ಲ. ಬಿಟ್ಟೆ, ಆದರೆ ಅದು ತಲೆ ಬಿಡಲಿಲ್ಲ. ಸಂಜೆ ಸೂಪರ್ ಮಾರ್ಕೆಟ್ ಹತ್ತಿರ ಆಟೋ ಕಾಯುವಾಗ ಹೊಳೆಯಿತು: 4900ಕ್ಕೆ 9 ಕಡಿಮೆ! 70ರ ವರ್ಗದಲ್ಲಿ 3ರ ವರ್ಗ ಕಳೆದದ್ದು. ಅಂದರೆ 67 ಗುಣಿಸು 73. ಸೂತ್ರ ಎಂಟನೇ ಕ್ಲಾಸಿನಿಂದ ಗೊತ್ತಿತ್ತು. ಆದರೆ ಅದು ಕಣ್ಣಿಗೆ ಕಂಡದ್ದು ಅವತ್ತೇ. ಆಮೇಲೆ ಹೊಸ ಅಭ್ಯಾಸ ಆಯಿತು: ಸಂಖ್ಯೆ ಕಂಡ ಕೂಡಲೇ ಮೇಲಿನ ಹತ್ತಿರದ ವರ್ಗ ನೋಡೋದು. 3599 ಅಂದರೆ 59 ಮತ್ತು 61. 2021 ಅಂದರೆ 43 ಮತ್ತು 47. ನಾನು ಮೊದಲ ಸಲ ಫೇಲಾದ ವರ್ಷದ ಒಳಗೆ ಇವೆರಡು ಕೂತಿದ್ದವು.

ಆರಂಕಿಯ ಸಂಖ್ಯೆಗೆ 7, 11, 13 ಒಟ್ಟಿಗೆ ನೋಡುವ ದಾರಿ ನಿಮಗೆ ಗೊತ್ತಿರಬಹುದು. 1001 ಅಂದರೆ ಈ ಮೂರರ ಗುಣಲಬ್ಧ. ಮೊದಲ ಮೂರು ಅಂಕಿ, ಕೊನೆಯ ಮೂರು ಅಂಕಿ, ಎರಡರ ವ್ಯತ್ಯಾಸ. 5,47,239 ಇದ್ದರೆ 547ರಲ್ಲಿ 239 ಕಳೆದು 308. ಅದರಲ್ಲಿ 7 ಇದೆ, 11 ಇದೆ, 13 ಇಲ್ಲ. ಇನ್ನೂ ದೊಡ್ಡ ಸಂಖ್ಯೆಯಾದರೆ ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ, ಒಂದು ಗುಂಪು ಕೂಡಿಸು, ಒಂದು ಕಳೆ. 17 ಮತ್ತು 19ಕ್ಕೂ ನಾನೇ ಕಂಡುಕೊಂಡ ಒಂದು ದಾರಿ ಇದೆ. ಅದನ್ನು ಸದ್ಯಕ್ಕೆ ಇಲ್ಲಿ ಬರೆಯಲ್ಲ. ಮನೆಯಲ್ಲಿ ತಂಗಿಯೂ ಪರೀಕ್ಷೆಗೆ ಓದುತ್ತಿದ್ದಾಳೆ, ಮೊದಲು ಅವಳ ಪರೀಕ್ಷೆ ಮುಗಿಯಲಿ.

ಒಂದು ಪೆಟ್ಟು ತಿಂದದ್ದನ್ನೂ ಹೇಳಬೇಕು. ತೂಕದ ಚೀಟಿಯನ್ನು ಮಿಷನ್ ಕೊಡುತ್ತದೆ, ಆದರೆ ಲೆಡ್ಜರ್‌ಗೆ ಕೈಯಲ್ಲೇ ಬರೆಯಬೇಕು. ನಾನು 9ರ ತಾಳೆ ನೋಡುತ್ತಿದ್ದೆ, ಅಂಕಿ ಕೂಡಿಸಿ ಒಂದಂಕಿ ಮಾಡಿ, ಲೆಕ್ಕದ ಎರಡೂ ಕಡೆ ಹೊಂದುತ್ತದಾ ಅಂತ ನೋಡೋದು. ಒಂದು ಲಾರಿ ತುಂಬಿದ ತೂಕ 19,340 ಕೆಜಿ, ಖಾಲಿ 6,470. ನಿವ್ವಳ 12,870. ನಾನು ಅವಸರದಲ್ಲಿ 12,780 ಬರೆದೆ. 9ರ ತಾಳೆ ಸರಿ ಬಂತು, ಯಾಕೆಂದರೆ ಅಂಕಿ ಅವೇ, ಜಾಗ ಮಾತ್ರ ಬದಲು. 90 ಕೆಜಿ ತೊಗರಿ ಹಾರಿ ಹೋಯಿತು. ಆಗ ಕ್ವಿಂಟಲಿಗೆ ಏಳು ಸಾವಿರದ ಮೇಲೆ ಇತ್ತು, ಅಂದರೆ ಆರೂವರೆ ಸಾವಿರದಷ್ಟು. ರೈತರು ಚೀಟಿ ಹಿಡಿದು ವಾಪಸ್ ಬಂದದ್ದರಿಂದ ಅವರ ಹಣ ಅವರಿಗೆ ಸಿಕ್ಕಿತು. ಇಲ್ಲದಿದ್ದರೆ ಅವರ ವರ್ಷದ ಬೆಳೆಯಲ್ಲಿ ಅಷ್ಟು ನನ್ನ ಕೈಯಿಂದ ಹೋಗುತ್ತಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ 11ರ ತಾಳೆ ಹಿಡಿದೆ. ಬಲಗಡೆಯಿಂದ ಒಂದು ಕೂಡಿಸು, ಒಂದು ಕಳೆ. 19,340ಕ್ಕೆ ಮೈನಸ್ 9, ಅದಕ್ಕೆ 11 ಕೂಡಿಸಿದರೆ 2. 6,470ಕ್ಕೂ 2. ವ್ಯತ್ಯಾಸ ಸೊನ್ನೆ. 12,870ಕ್ಕೆ ಸೊನ್ನೆ ಬರುತ್ತದೆ. 12,780ಕ್ಕೆ ಮೈನಸ್ 2, ತಪ್ಪು ಅಲ್ಲೇ ಸಿಕ್ಕಿಬಿತ್ತು. ಪಕ್ಕಪಕ್ಕದ ಅಂಕಿ ಅದಲುಬದಲಾದರೆ 9 ಹಿಡಿಯಲ್ಲ, 11 ಹಿಡಿಯುತ್ತದೆ. ಪರೀಕ್ಷೆಯಲ್ಲೂ ನಾನು ಎರಡನ್ನೂ ಬಳಸಿದೆ. ನಾಲ್ಕು ಆಯ್ಕೆ ಮುಂದೆ ಇರುವಾಗ ಎಷ್ಟೋ ಗುಣಾಕಾರಕ್ಕೆ ಪೂರ್ತಿ ಗುಣಿಸುವ ಕೆಲಸವೇ ಇಲ್ಲ. ಎರಡು ತಾಳೆ ನೋಡಿದರೆ ಮೂರು ಆಯ್ಕೆ ಬಿದ್ದುಹೋಗುತ್ತವೆ.

ಇನ್ನು ಅಪ್ಪನ ಮಗ್ಗಿ. ಅಪ್ಪ ಏಳನೆಯ ತನಕ ಓದಿದವರು. ಆದರೆ ಅವರಿಗೆ ಸವ್ವಾಯಿ, ದೀಡಕಿ, ಅಡೀಚಕಿ (ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿ) ಎಲ್ಲ ನಾಲಿಗೆ ಮೇಲೆ. ಚೀಲ, ದರ, ಹಮಾಲಿ ಕೂಲಿ ಎಲ್ಲ ಅದರಲ್ಲೇ. ನಾನು ಶಾಲೆ ಕಲಿತವನು, ಅದನ್ನು ಹಳೇ ಕಾಲದ್ದು ಅಂತ ಬಿಟ್ಟಿದ್ದೆ. ಒಂದು ದಿನ ನೋಟ್‌ಬುಕ್ ನೋಡುತ್ತಾ 125 ಗುಣಿಸು 56 ಅಂತ ಗೊಣಗುತ್ತಿದ್ದೆ. ಅಪ್ಪ ರೊಟ್ಟಿ ಮುರಿಯುತ್ತಾ, ತಲೆ ಎತ್ತದೆ, 'ಸವ್ವಾ ಛಪ್ಪನ್ ಅಂದ್ರ ಸತ್ತರ್, ಏಳು ಸಾವಿರ' ಅಂದರು. ಅಂದರೆ 56ರ ಒಂದೂಕಾಲು ಪಟ್ಟು 70, ಅದರ ನೂರು ಪಟ್ಟು. ನಾನು ಪೆನ್ನು ಹಿಡಿದೇ ಕೂತಿದ್ದೆ.

ಅವತ್ತಿನಿಂದ ದಿನಾ ರಾತ್ರಿ ಊಟದ ಹೊತ್ತಿಗೆ ಹದಿನೈದು ನಿಮಿಷ ಅಪ್ಪನ ಹತ್ತಿರ ಪಾಠ. 75 ಗುಣಿಸು 64 ಅಂದರೆ 64ರ ಪಾವಣೆ (ಮುಕ್ಕಾಲು), 48, ಅಂದರೆ 4,800. 640ರ ಶೇಕಡಾ 15 ಅಂದರೆ 64ರ ದೀಡ, 96. 25 ಗುಣಿಸು 48 ಅಂದರೆ 480ರ ಅಡೀಚ, 1,200. ಲಾಭ ನಷ್ಟ, ಬಡ್ಡಿ, ರಿಯಾಯಿತಿ, ಇವುಗಳಲ್ಲಿ ಬರುವ ಶೇಕಡಾ ಹೆಚ್ಚು ಕಡಿಮೆ ಇಷ್ಟರಲ್ಲೇ ತಿರುಗುತ್ತವೆ. 16 ಸಾವಿರ ಕೊಟ್ಟು ಕಲಿಯದ ವೇಗ ಮನೆಯಲ್ಲೇ ಇತ್ತು. ಅಪ್ಪನಿಗೂ ಖುಷಿ. ಸಾಲ ತಂದು ಓದಿಸಿದ ಮಗ ತಮ್ಮ ಹತ್ತಿರ ಕೂತು ಕಲಿಯುತ್ತಾನೆ ಅಂತ ಎಪಿಎಂಸಿಯಲ್ಲಿ ಎಲ್ಲರಿಗೂ ಹೇಳಿದ್ದರು.

ಬೇಸಿಗೆಯಲ್ಲಿ ಲಾರಿ ಕಡಿಮೆ. ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, 42, 43. ಬೆಳಿಗ್ಗೆ ನಾಲ್ಕೂವರೆಗೆ ಮಾಳಿಗೆ ಮೇಲೆ ಓದುತ್ತಿದ್ದೆ, ಏಳಕ್ಕೆ ಮುಗಿಸುತ್ತಿದ್ದೆ. ಆಗ ಇನ್ನೊಂದು ಚಟ ಹತ್ತಿತು. ಭಾನುವಾರ ವಾಡಿ ಕಡೆ ಹೋಗುವ ಹಳಿಯ ಹತ್ತಿರ, ಗೇಟಿನ ಹೊರಗೆ ನಿಂತು ರೈಲು ಅಳೆಯೋದು. ಕಲ್ಲಿದ್ದಲಿನ ಗೂಡ್ಸ್ ಬಂತು. 58 ವ್ಯಾಗನ್ ಎಣಿಸಿದೆ. ಒಂದು ವ್ಯಾಗನ್ 10.7 ಮೀಟರ್. ಎಂಜಿನ್, ಬ್ರೇಕ್ ವ್ಯಾನ್ ಸೇರಿ 670 ಮೀಟರ್ ಹಿಡಿದೆ. ನನ್ನ ಮುಂದೆ ಹಾದು ಹೋಗಲು 48 ಸೆಕೆಂಡ್. ಸೆಕೆಂಡಿಗೆ 14 ಮೀಟರ್ ಹತ್ತಿರ, ಗಂಟೆಗೆ 50 ಕಿಲೋಮೀಟರ್. ಇನ್ನೊಂದು ಸಲ 22 ಬೋಗಿಯ ಎಕ್ಸ್‌ಪ್ರೆಸ್, 25 ಸೆಕೆಂಡ್. ಬೋಗಿಗೆ 24 ಮೀಟರ್ ಹಿಡಿದು ಎಂಜಿನ್ನೂ ಸೇರಿಸಿದರೆ ಗಂಟೆಗೆ 79 ಕಿಲೋಮೀಟರ್ ಬಂತು. ಇದರಿಂದ ಅಂಕ ಎಷ್ಟು ಹೆಚ್ಚಾಯಿತೋ ಹೇಳಲಾರೆ. ಆದರೆ ರೈಲಿನ ಲೆಕ್ಕದಲ್ಲಿ ರೈಲಿನ ಉದ್ದ ಕೂಡಿಸೋದನ್ನು ಅದರ ನಂತರ ಒಮ್ಮೆಯೂ ಮರೆತಿಲ್ಲ.

ಮೂರು ತಿಂಗಳಾದ ಮೇಲೆ ಮತ್ತೆ ಮಾಕ್ ಟೆಸ್ಟ್ ಶುರು ಮಾಡಿದೆ. ಈ ಸಲ ವಾರಕ್ಕೆ ಎರಡೇ. ಒಂದು ಟೆಸ್ಟ್ ಬರೆಯಲು ಒಂದೂವರೆ ಗಂಟೆ, ತಪ್ಪು ನೋಡಲು ಮೂರು ಗಂಟೆ. ಮೊದಲ ಎರಡು ಟೆಸ್ಟ್‌ಗಳಲ್ಲಿ ಅಂಕ ಏರಲಿಲ್ಲ. ಹೆದರಿದೆ. ಕಾರಣ ಆಮೇಲೆ ತಿಳಿಯಿತು: ಲೆಕ್ಕ ಬೇಗ ಆಗುತ್ತಿತ್ತು, ಉಳಿದ ಸಮಯದಲ್ಲಿ ಗೊತ್ತಿಲ್ಲದ್ದನ್ನೂ ಒತ್ತುತ್ತಿದ್ದೆ. ಮೂರು ತಪ್ಪು ಒಂದು ಸರಿಯನ್ನು ತಿನ್ನುತ್ತದೆ. ಬಿಡೋದನ್ನು ಬೇರೆಯಾಗಿಯೇ ಕಲಿಯಬೇಕಾಯಿತು. 40 ಸೆಕೆಂಡಿನಲ್ಲಿ ದಾರಿ ಕಾಣದಿದ್ದರೆ ಮುಂದೆ. ಐದನೇ ಟೆಸ್ಟಿಗೆ 22 ದಾಟಿತು.

ಪರೀಕ್ಷೆಗೆ ಸೆಂಟರ್ ಹುಬ್ಬಳ್ಳಿ ಬಿತ್ತು. ರಾತ್ರಿ ಬಸ್ಸು, ಬೆಳಿಗ್ಗೆ ಒಂದು ಪ್ಲೇಟ್ ಇಡ್ಲಿ, ಎಲ್ಲ ಸೇರಿ ಸಾವಿರದ ಆಸುಪಾಸು. ಅರ್ಜಿಗೆ ಕಟ್ಟಿದ 500ರಲ್ಲಿ 400 ಪರೀಕ್ಷೆ ಬರೆದವರಿಗೆ ವಾಪಸ್ ಬರುತ್ತದೆ, ಬ್ಯಾಂಕ್ ಖಾತೆಯ ವಿವರ ಸರಿ ಕೊಡಿ. ಒಳಗೆ ಮೊದಲ ಐದು ನಿಮಿಷ ನಾನು ಯಾವ ಕ್ರಮದಲ್ಲಿ ಪ್ರಶ್ನೆ ಹುಡುಕಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಗಣಿತ 27 ನಿಮಿಷದಲ್ಲಿ ಮುಗಿಯಿತು. ರಫ್ ಹಾಳೆಯ ಒಂದು ಬದಿ ಕೂಡ ಪೂರ್ತಿ ತುಂಬಿರಲಿಲ್ಲ.

ಮೊದಲ ಹಂತ ಮುಗಿದ ಮೇಲೆ ಎರಡನೇ ಹಂತಕ್ಕೆ ಓದತೊಡಗಿದೆ. 90 ನಿಮಿಷಕ್ಕೆ 120 ಪ್ರಶ್ನೆ, ಗಣಿತ 35. ಲಾರಿ ಬರುತ್ತಲೇ ಇವೆ. ಇವತ್ತು ಮಧ್ಯಾಹ್ನ ಒಂದು 7429 ಬಂದಿತ್ತು. 17, 19, 23. ಡ್ರೈವರ್ ಎಂಜಿನ್ ಬಂದ್ ಮಾಡುವ ಮೊದಲೇ ಹೇಳಿದೆ.