ನಾಲ್ಕನೇ ಬೆಲ್ಟ್ ಉಸಿರು ಎಣಿಸಿತು

ಮೊನ್ನೆ ರಾತ್ರಿ, ಉಸಿರು ಅಳೆಯಲು ನಾನೇ ಮಾಡಿದ ಬೆಲ್ಟನ್ನು ಎದೆಗೆ ಕಟ್ಟಿಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಏಳು ಗಂಟೆಯ ಉಸಿರು ಪೂರ್ತಿ ಅದರಲ್ಲಿದೆ. ಎಲ್ಲೂ ಗೆರೆ ಕಡಿದಿಲ್ಲ. ಮಗ್ಗುಲು ಬದಲಿಸಿದ ಕಡೆ ದೊಡ್ಡದೊಂದು ಏರು, ಆಮೇಲೆ ಮತ್ತೆ ಅದೇ ಸಣ್ಣ ಅಲೆ. ನಿಮಿಷಕ್ಕೆ ಸುಮಾರು 14. "ಬೆಳಕಲ್ಲಿ ಉಸಿರು ಅಳೀತೀಯಾ? ಸುಮ್ನೆ ರೆಡಿಮೇಡ್ ಒಂದು ತಗೊಳೋ" ಅಂದಿದ್ದ ಗೆಳೆಯನಿಗೆ ಮೊದಲು ಕಳಿಸಿದ್ದು ಆ ಗ್ರಾಫನ್ನೇ. ಇನ್ನೂ ಉತ್ತರ ಬಂದಿಲ್ಲ.

ಸೋಲ್ಡರಿಂಗ್, ಆರ್ಡುಯಿನೊ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡು, ಒಂದಿಷ್ಟು ಹೊಲಿಗೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವೋಲ್ಟೇಜನ್ನು ಅಂಕಿ ಮಾಡುವ ಎಡಿಸಿ ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತೆಲ್ಲ ವಿವರಿಸುವುದಿಲ್ಲ. ಅಳತೆಗಳು ನೆನಪಿನಿಂದ ಬಂದವು, ಹೆಚ್ಚುಕಮ್ಮಿ ಇರಬಹುದು. ನೋಟ್‌ಬುಕ್ಕಿನ ಅರ್ಧ ಪುಟಗಳು ಎಪಾಕ್ಸಿ ಅಂಟು ಚೆಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ.

ಇದು ನಾಲ್ಕನೇ ಬೆಲ್ಟ್. ಮೊದಲ ಮೂರರ ಕಥೆ ಹೇಳದಿದ್ದರೆ ಇದು ಯಾಕೆ ಹೀಗಿದೆ ಅಂತ ಅರ್ಥವಾಗುವುದಿಲ್ಲ.

ಮೊದಲನೆಯದು ಬೆಳ್ಳಿ ಲೇಪದ ನೈಲಾನ್ ದಾರದ್ದು. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ ಅಲ್ವಾ? ಆ ದಾರದಿಂದ ಒಂದು ಪಟ್ಟಿ ಹೆಣೆದೆ. ಎಳೆದಾಗ ಕುಣಿಕೆಗಳು ಒಂದಕ್ಕೊಂದು ಒತ್ತುತ್ತವೆ, ಕರೆಂಟಿಗೆ ಒಡ್ಡುವ ತಡೆ, ಅಂದರೆ ರೆಸಿಸ್ಟೆನ್ಸ್, ಬದಲಾಗುತ್ತದೆ, ಅಷ್ಟೇ ವಿಷಯ ಅಂದುಕೊಂಡಿದ್ದೆ. ಸ್ವಲ್ಪ ಎಳೆದರೆ ರೆಸಿಸ್ಟೆನ್ಸ್ ಇಳಿಯಿತು, ಸರಿ. ಇನ್ನೂ ಎಳೆದರೆ ಏರತೊಡಗಿತು. ಅಂದರೆ ಒಂದೇ ಅಂಕಿಗೆ ಎರಡು ಅರ್ಥ. ಉಸಿರು ಎಳೆದುಕೊಂಡೆನೋ ಬಿಟ್ಟೆನೋ ಗೊತ್ತೇ ಆಗುವುದಿಲ್ಲ. ಅದನ್ನು ಪ್ರೋಗ್ರಾಮಿನಲ್ಲಿ ಸರಿಮಾಡುತ್ತೇನೆ ಅಂತ ಹಟ ಹಿಡಿದು ಎರಡು ವಾರ ಕಳೆದೆ. ಅಷ್ಟರಲ್ಲಿ ಬೆವರು ತಾಗಿ ದಾರ ಕಪ್ಪಾಯಿತು. ಕುಣಿಕೆ ಕುಣಿಕೆಗೆ ತಾಗುವ ಕಡೆಯೇ ಕಪ್ಪು ಜಾಸ್ತಿ. ಅಂಕಿಗಳೆಲ್ಲ ಹಾರಾಡತೊಡಗಿದವು. ಎರಡು ಸಲ ಒಗೆದ ಮೇಲೆ ಮೀಟರು ಏನನ್ನೂ ತೋರಿಸಲಿಲ್ಲ.

ಎರಡನೆಯದಕ್ಕೆ ಕಾರ್ಬನ್ ತುಂಬಿದ ರಬ್ಬರ್ ಹುರಿ ಹಾಕಿದೆ. ಇದು ಎಳೆದಾಗ ಚೆನ್ನಾಗಿಯೇ ಬದಲಾಗುತ್ತದೆ. ಆದರೆ ಎಳೆದು ಹಾಗೇ ಹಿಡಿದರೆ ಅಂಕಿ ಮೆಲ್ಲಗೆ ಜಾರುತ್ತಲೇ ಇರುತ್ತದೆ. ಬಿಟ್ಟಾಗ ಇಳಿಯುವ ಬದಲು ಮೊದಲು ಒಂದು ಸಲ ಮೇಲಕ್ಕೆ ಹಾರಿ ಆಮೇಲೆ ಇಳಿಯುತ್ತದೆ. ಗ್ರಾಫಿನಲ್ಲಿ ಒಂದು ಉಸಿರು ಎರಡಾಗಿ ಕಾಣಿಸುತ್ತಿತ್ತು. ನಿಮಿಷಕ್ಕೆ 28 ಉಸಿರು ಅಂತ ಲೆಕ್ಕ ಕೊಟ್ಟಾಗ ನಾನು ಆರಾಮಾಗಿ ಕುರ್ಚಿಯಲ್ಲಿ ಕೂತಿದ್ದೆ.

ಜಾಸ್ತಿ ದುಡ್ಡು ತಿಂದದ್ದು ಮೂರನೆಯದು. ಪಿವಿಡಿಎಫ್ ಫಿಲ್ಮ್. ಪಾಲಿವಿನೈಲಿಡೀನ್ ಫ್ಲೋರೈಡ್ ಅನ್ನೋ ಈ ಪ್ಲಾಸ್ಟಿಕ್ಕಿಗೆ ಪೀಜೋ ಗುಣ, ಅಂದರೆ ಒತ್ತಿದರೆ ಎಳೆದರೆ ಚಾರ್ಜು ಕೊಡುವ ಗುಣ, ಜೋರಾಗಿದೆ ಅಂತ ಜಪಾನಿನ ವಿಜ್ಞಾನಿ ಕವಾಯಿ 1969ರಲ್ಲೇ ತೋರಿಸಿದ್ದರು. ಹಳೇ ಸರಕು, ನಂಬಿಕೆಗೆ ಅರ್ಹ ಅಂತ ಮೂರು ಪಟ್ಟಿ ತರಿಸಿದೆ. ಆ ತಿಂಗಳ ಕೈಖರ್ಚಿನಲ್ಲಿ ಅರ್ಧ ಅಲ್ಲೇ ಹೋಯಿತು. ಬೆರಳಿನಿಂದ ತಟ್ಟಿದರೆ ಭರ್ಜರಿ ಸಿಗ್ನಲ್. ಎದೆಗೆ ಕಟ್ಟಿದರೆ ಸೊನ್ನೆ.

ತಪ್ಪು ನನ್ನದೇ. ಈ ಫಿಲ್ಮ್ ಚಾರ್ಜು ಹಿಡಿದಿಡುವ ಒಂದು ಸಣ್ಣ ಕೆಪಾಸಿಟರಿನ ಹಾಗೆ. ನನ್ನದು ಸುಮಾರು 1 ನ್ಯಾನೊಫ್ಯಾರಡ್ ಇತ್ತು. ಅದಕ್ಕೆ 1 ಮೆಗಾಓಮ್ ಕಟ್ಟಿದರೆ ಬಂದ ಚಾರ್ಜು ಒಂದು ಮಿಲಿಸೆಕೆಂಡಿನಲ್ಲಿ ಸೋರಿ ಹೋಗುತ್ತದೆ. ಒಂದು ಉಸಿರಿಗೆ ನಾಲ್ಕು ಸೆಕೆಂಡು ಬೇಕು. ಸೋರುವ ಬಿಂದಿಗೆಯಲ್ಲಿ ನೀರು ಅಳೆದ ಹಾಗಾಯಿತು. 1 ಗಿಗಾಓಮ್ ರೆಸಿಸ್ಟರ್, ಅದಕ್ಕೆ ತಕ್ಕ, ಸಿಗ್ನಲ್ ದೊಡ್ಡದು ಮಾಡುವ ಆಪ್‌ಆಂಪ್, ಎರಡೂ ತಂದೆ. ಉಸಿರು ಕಾಣಿಸಿತು, ಜೊತೆಗೆ ಗೋಡೆಯೊಳಗಿನ ವೈರಿನ 50 ಹರ್ಟ್ಜ್ ಕರೆಂಟಿನ ಗದ್ದಲ ಕೂಡ ಕಾಣಿಸಿತು, ಉಸಿರಿಗಿಂತ ದೊಡ್ಡದಾಗಿ. ಲೋಹದ ಬಟ್ಟೆ ಸುತ್ತಿ ಅದನ್ನು ಅಡಗಿಸಿದೆ. ಆಮೇಲೆ ಇನ್ನೊಂದು ತಲೆನೋವು. ಈ ಫಿಲ್ಮ್ ಬಿಸಿಗೂ ಚಾರ್ಜು ಕೊಡುತ್ತದೆ. ಹೊದಿಕೆ ಎಳೆದುಕೊಂಡರೆ ಗ್ರಾಫ್ ಮೇಲಕ್ಕೆ, ಕಾಲಿನಿಂದ ಒದ್ದರೆ ಕೆಳಕ್ಕೆ. ಉಸಿರು ಅಳೆಯಲು ಹೋಗಿ ಹೊದಿಕೆ ಅಳೆಯುವ ಯಂತ್ರ ಮಾಡಿದ್ದೆ. ಉಸಿರು ಬಿಗಿಹಿಡಿದು ಕೂತರೆ ಅದಕ್ಕೆ ಗೊತ್ತೇ ಆಗುವುದಿಲ್ಲ ಅನ್ನೋದು ಬೇರೆ ಮಾತು. ಬದಲಾವಣೆ ಇದ್ದರಷ್ಟೇ ಅದು ಮಾತಾಡುತ್ತದೆ.

ಆ ಬೆಲ್ಟನ್ನು ಡ್ರಾಯರಿಗೆ ಹಾಕಿ ಎರಡು ತಿಂಗಳು ಈ ಕಡೆ ತಿರುಗಿ ನೋಡಲಿಲ್ಲ.

ಮತ್ತೆ ಕೈ ಹಾಕಿದ್ದು ಒಂದು ಹಾಳಾದ ಅಲಂಕಾರದ ದೀಪದಿಂದ. ತುದಿಗಳಲ್ಲಿ ಬೆಳಕು ಮಿನುಗುವ ಕೂದಲಿನಂಥ ದೀಪ ಇರುತ್ತದಲ್ಲ, ಅದು. ಬಿಚ್ಚುವಾಗ ಬೆಳಕು ಸಾಗಿಸುವ ಒಂದು ಎಳೆ, ಅಂದರೆ ಫೈಬರ್, ಬೆರಳಿಗೆ ಸುತ್ತಿಕೊಂಡಿತು. ಸುತ್ತಿದ ಕಡೆಯಿಂದ ಬೆಳಕು ಹೊರಗೆ ಸೋರುತ್ತಿತ್ತು, ತುದಿ ಮಂಕಾಗಿತ್ತು. ಬೆರಳು ಸಡಿಲ ಮಾಡಿದರೆ ತುದಿ ಮತ್ತೆ ಬೆಳಗುತ್ತದೆ. ಅಲ್ಲೇ ಕೂತು ಹತ್ತು ನಿಮಿಷ ಬೆರಳು ಆಡಿಸಿದೆ. ಮೊದಲ ಮೂರು ಬೆಲ್ಟುಗಳಲ್ಲಿ ನಾನು ಸೆನ್ಸರನ್ನೇ ಎಳೆಯುತ್ತಿದ್ದೆ. ಇಲ್ಲಿ ಎಳೆಯುವುದೇ ಬೇಡ. ಬೆಲ್ಟ್ ಹಿಗ್ಗಲಿ, ಫೈಬರಿನ ಬಾಗು ಮಾತ್ರ ಬದಲಾಗಲಿ.

ಅಕ್ರಿಲಿಕ್ ಫೈಬರ್ ಒಂದು ರೋಲ್ ತಂದೆ. ಫಿಲ್ಮಿನ ಮೂರು ಪಟ್ಟಿಗೆ ಕೊಟ್ಟದ್ದಕ್ಕಿಂತ ಕಮ್ಮಿಗೇ ಬಂತು. ಮೊದಲು ತಂದದ್ದು 1 ಮಿಲಿಮೀಟರಿನದು. ಅದು ಬಿರುಸು, ಬೆಲ್ಟನ್ನೇ ಬಾಗಿಸುತ್ತದೆ, ಕೆಲವು ದಿನಕ್ಕೆ ಮುರಿಯಿತು. ಅರ್ಧ ಮಿಲಿಮೀಟರಿನದಕ್ಕೆ ಇಳಿದ ಮೇಲೆ ಬದುಕಿದೆ. ಒಳಗೆ ಅಕ್ರಿಲಿಕ್, ಹೊರಗೆ ಫ್ಲೋರಿನ್ ಇರುವ ತೆಳು ಪದರ. ಕೆಂಪು ಬೆಳಕು ಇದರಲ್ಲಿ ಚೆನ್ನಾಗಿ ಸಾಗುತ್ತದೆ, ಅದಕ್ಕೇ 650 ನ್ಯಾನೊಮೀಟರಿನ ಆಸುಪಾಸಿನ ಕೆಂಪು ಎಲ್‌ಇಡಿ. ಇನ್ನೊಂದು ತುದಿಗೆ, ಬಿದ್ದ ಬೆಳಕಿಗೆ ತಕ್ಕಂತೆ ಕರೆಂಟು ಬಿಡುವ ಫೋಟೊಟ್ರಾನ್ಸಿಸ್ಟರ್. ಸರ್ಕ್ಯೂಟ್ ಅಂದರೆ ಇಷ್ಟೇ. ಆಪ್‌ಆಂಪ್ ಕೂಡ ಇಲ್ಲ.

ಫೈಬರನ್ನು ಅಲೆ ಅಲೆಯಾಗಿ ಬಾಗಿಸಿ ಎಲಾಸ್ಟಿಕ್ ಮೇಲೆ ಹೊಲಿಯಬೇಕು. ಬಾಗಿನ ತ್ರಿಜ್ಯ ಆರೇಳು ಮಿಲಿಮೀಟರ್. ಹಾಗೇ ಬಾಗಿಸಿ ಹೊಲಿದರೆ ಒಳಗೆ ಬಿಗಿ ಉಳಿದು ಕೆಲವೇ ದಿನಕ್ಕೆ ಬಿರುಕು ಬಿಡುತ್ತದೆ. ಮೊಳೆ ಹೊಡೆದ ಹಲಗೆಗೆ ಸುತ್ತಿ ಬಿಸಿನೀರಿನಲ್ಲಿಟ್ಟು ಆಕಾರ ಕೂರಿಸಿದೆ. ಮೊದಲ ಸಲ ಕುದಿಯುವ ನೀರಿಗೇ ಹಾಕಿದೆ. ಕಣ್ಣೆದುರೇ ಮುದುಡಿ ಗಿಡ್ಡವಾಗಿ ದಪ್ಪವಾಯಿತು. ಈ ಫೈಬರನ್ನು ತಯಾರಿಸುವಾಗ ಎಳೆದಿರುತ್ತಾರೆ, ಜಾಸ್ತಿ ಬಿಸಿ ಕಂಡರೆ ಅದು ಎಳೆಯುವ ಮುಂಚಿನ ಗಾತ್ರಕ್ಕೆ ಓಡಲು ನೋಡುತ್ತದೆ. 70 ಡಿಗ್ರಿಯ ಸುತ್ತಮುತ್ತ ಇಟ್ಟರೆ ಸರಿಯಾಗುತ್ತದೆ. ಎಷ್ಟು ಹೊತ್ತು ಅನ್ನೋದು ನಿಮ್ಮ ಫೈಬರ್ ನೋಡಿಕೊಂಡು.

ಬಾಗಿದ ಕಡೆ ಹೊರಮೈಗೆ ಬ್ಲೇಡಿನಿಂದ ಸಣ್ಣ ಗೀರು ಹಾಕಿದರೆ ಬೆಳಕು ಇನ್ನೂ ಜಾಸ್ತಿ ಸೋರುತ್ತದೆ, ಉಸಿರಿಗೆ ಅಂಕಿ ಮೂರು ಪಟ್ಟು ಜಾಸ್ತಿ ಆಡುತ್ತದೆ. ಎಷ್ಟು ಗೀರು, ಎಷ್ಟು ಆಳ, ಯಾವ ಬ್ಲೇಡು ಅನ್ನೋದನ್ನು ಮಾತ್ರ ಬರೆಯುವುದಿಲ್ಲ. ಅದಕ್ಕೆ ಸುಮಾರು 40 ತುಂಡು ಫೈಬರ್ ಹಾಳು ಮಾಡಿದ್ದೇನೆ, ನೀವೂ ಒಂದಿಷ್ಟು ಹಾಳು ಮಾಡಿ.

ಎಲ್‌ಇಡಿಗೆ ಜೋಡಿಸುವುದು ನನಗೆ ಇಷ್ಟವಾದ ಕೆಲಸ. 5 ಮಿಲಿಮೀಟರ್ ಎಲ್‌ಇಡಿಯ ತಲೆಯನ್ನು ಮರಳು ಕಾಗದದಲ್ಲಿ ಉಜ್ಜಿ ಚಪ್ಪಟೆ ಮಾಡಿ, ಕೈಡ್ರಿಲ್ಲಿನಿಂದ ನಿಧಾನಕ್ಕೆ ತೂತು ಕೊರೆಯಬೇಕು. ಒಳಗೆ ಹೊಳೆಯುವ ಸಣ್ಣ ಚುಕ್ಕಿ, ಅದರ ಮೇಲೆ ಕೂದಲಿಗಿಂತ ತೆಳ್ಳನೆಯ ತಂತಿ. ತಂತಿಗೆ ಡ್ರಿಲ್ ತಾಗಿತೋ ಎಲ್‌ಇಡಿ ಸತ್ತಿತು. ಅದಕ್ಕೇ ಎಲ್‌ಇಡಿ ಹೊತ್ತಿಸಿಕೊಂಡೇ ಕೊರೆಯುತ್ತೇನೆ, ಅಪಾಯ ಬಂದಾಗ ಅದೇ ಹೇಳುತ್ತದೆ. ಹೇಳುವುದು ಸತ್ತ ಮೇಲೆ, ಅದು ನಿಜ. ಹತ್ತರಲ್ಲಿ ಮೂರು ಹೋದವು. ಫೈಬರಿನ ತುದಿಯನ್ನು 600, 1000, 2000ನೇ ನಂಬರಿನ, ನೀರು ಹಾಕಿ ಉಜ್ಜುವ ಮರಳು ಕಾಗದದಲ್ಲಿ ಎಂಟರ ಆಕಾರದಲ್ಲಿ ತಿಕ್ಕಿದೆ. ಬೆಳಕಿಗೆ ಹಿಡಿದಾಗ ತುದಿ ಗಾಜಿನ ಹಾಗೆ ಹೊಳೆಯಬೇಕು, ಒಂದು ಗೀರೂ ಕಾಣಬಾರದು.

ಅಂಟಿಸಲು ಸೂಪರ್‌ಗ್ಲೂ ಬಳಸಿದ್ದು ಈ ಸುತ್ತಿನ ದೊಡ್ಡ ದಡ್ಡತನ. ಸಂಜೆ ಅಂಟಿಸಿದೆ, ಬೆಳಿಗ್ಗೆ ಫೈಬರಿನ ಮೈತುಂಬ ಜೇಡರ ಬಲೆಯಂಥ ಬಿರುಕು. ಬಾಗಿದ ಅಕ್ರಿಲಿಕ್ಕಿಗೆ ಅದು ಆಗಿಬರುವುದಿಲ್ಲ. ಸ್ಪಿರಿಟ್ ಹಾಕಿ ಒರೆಸಿದ್ದಕ್ಕೂ ಅದೇ ಗತಿಯಾಯಿತು. ಹೀಟ್‌ಶ್ರಿಂಕ್ ಹಾಕಿ ಬಿಸಿಗಾಳಿ ಬಿಟ್ಟೆ, ಕೊಳವೆ ಕುಗ್ಗುವ ಮೊದಲು ಫೈಬರೇ ಮೆತ್ತಗಾಯಿತು. ಈಗ ಎಪಾಕ್ಸಿ, ಕಪ್ಪು ಟೇಪು, ಸೋಪು ನೀರು, ಇಷ್ಟೇ.

ಇಷ್ಟೆಲ್ಲ ಆದ ಮೇಲೂ ಮೊದಲ ರಾತ್ರಿಯ ಗ್ರಾಫ್ ನೋಡಿ ಅಳು ಬರುವಂತಿತ್ತು. ಗೀರಿದ ಫೈಬರಿನೊಳಗೆ ಕೋಣೆಯ ಬೆಳಕು ನುಗ್ಗುತ್ತಿತ್ತು. ಎಲ್‌ಇಡಿ ಹೊತ್ತಿಸಿ ಒಂದು ಸಲ, ಆರಿಸಿ ಒಂದು ಸಲ ಓದಿ ಕಳೆದರೆ ಆಯಿತು ಅಂತ ಎಲ್ಲರಿಗೂ ಗೊತ್ತು. ಆದರೂ ಟ್ಯೂಬ್‌ಲೈಟ್ ಹಚ್ಚಿದರೆ ನಡುಕ. 50 ಹರ್ಟ್ಜ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಎರಡು ಓದುಗಳ ನಡುವೆ ಸರಿಯಾಗಿ 10 ಮಿಲಿಸೆಕೆಂಡು ಬಿಟ್ಟೆ. ಎರಡೂ ಸಲ ಟ್ಯೂಬ್‌ಲೈಟ್ ಅದೇ ಹೊಳಪಿನಲ್ಲಿ ಸಿಗುತ್ತದೆ, ಕಳೆದರೆ ಮಾಯ. ಇದು ಹೊಳೆದ ದಿನ ಮನೆಯಲ್ಲಿ ಎಲ್ಲರಿಗೂ ವಿವರಿಸಿದೆ. ಯಾರೂ ಪೂರ್ತಿ ಕೇಳಲಿಲ್ಲ.

ಇನ್ನೊಂದು, ಎಲ್‌ಇಡಿ ಬಿಸಿಯಾದರೆ ಮಂಕಾಗುತ್ತದೆ. ಮೈಗೆ ಕಟ್ಟಿದ ಮೇಲೆ ಅರ್ಧ ಗಂಟೆ ಗ್ರಾಫ್ ಕೆಳಗೆ ಜಾರುತ್ತಲೇ ಇತ್ತು. ಅದಕ್ಕೆ ಅದೇ ತೂತಿಗೆ ಎರಡನೇ ಫೈಬರ್ ತುರುಕಿದೆ. ಅರ್ಧ ಮಿಲಿಮೀಟರಿನ ಎರಡು ಎಳೆ ಸುಮಾರು 1.1 ಮಿಲಿಮೀಟರ್ ತೂತಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಎರಡನೆಯದು ಹಿಗ್ಗದ ಕಡೆ ನೇರವಾಗಿ ಹೋಗಿ ಬೇರೆ ಫೋಟೊಟ್ರಾನ್ಸಿಸ್ಟರಿಗೆ ಸೇರುತ್ತದೆ. ಎಲ್‌ಇಡಿ ಮಂಕಾದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಒಂದನ್ನು ಇನ್ನೊಂದರಿಂದ ಭಾಗಿಸಿ ಬಂದದ್ದನ್ನು ಬಳಸಿದೆ. ಜಾರುವುದು ಬಹುಪಾಲು ನಿಂತಿತು.

ಬೆಲ್ಟನ್ನು ಪೂರ್ತಿ ಎಲಾಸ್ಟಿಕ್ಕಿನಲ್ಲಿ ಮಾಡಬೇಡಿ. ಸುಮ್ಮನೆ ಉಸಿರಾಡುವಾಗ ನನ್ನ ಎದೆ ಸುತ್ತಳತೆ ಹಿಗ್ಗುವುದು ಒಂದು ಸೆಂಟಿಮೀಟರಿನಷ್ಟು. ಇಡೀ ಬೆಲ್ಟಿಗೆ ಅದು ಹಂಚಿಹೋದರೆ ಏನೂ ಉಳಿಯುವುದಿಲ್ಲ. ಹಿಂಭಾಗಕ್ಕೆಲ್ಲ ಬ್ಯಾಗಿನ ಪಟ್ಟಿ, ಮುಂದೆ 15 ಸೆಂಟಿಮೀಟರ್ ಮಾತ್ರ ಎಲಾಸ್ಟಿಕ್. ಹತ್ತು ಬಿಟ್ಟಿನ (0ಯಿಂದ 1023ರವರೆಗೆ ಎಣಿಸುವ) ಎಡಿಸಿಯಲ್ಲಿ ನನಗೆ ಉಸಿರು ಬಿಟ್ಟಾಗ 430, ಮಾಮೂಲಿ ಎಳೆದಾಗ 480, ಜೋರಾಗಿ ಎಳೆದರೆ 600 ದಾಟುತ್ತದೆ.

ಎಲಾಸ್ಟಿಕ್ ಹೆಚ್ಚು ಹಿಗ್ಗದಂತೆ ತಡೆಯಲು ಅದರ ಹಿಂದೆ ಒಂದು ಗಟ್ಟಿ ದಾರ ಬೇಕಿತ್ತು. ಮೊದಲು ಡೈನೀಮಾ ಹಾಕಿದೆ. ಉಕ್ಕಿಗಿಂತ ಗಟ್ಟಿ ಅಂತಾರೆ, ಹೌದು, ಆದರೆ ಅದು ಪಾಲಿಥಿಲೀನ್. ನುಣುಪು ಅಂದರೆ ಅಷ್ಟು ನುಣುಪು, ಗಂಟು ನಿಲ್ಲುವುದಿಲ್ಲ. ಪಕ್ಕದಲ್ಲಿ ಬೆಸುಗೆ ಹಾಕುವಾಗ ಕಾದ ತುದಿ ಸ್ವಲ್ಪ ತಾಗಿತು, ದಾರ ಎರಡು ತುಂಡು. 150 ಡಿಗ್ರಿ ತಲುಪುವುದಕ್ಕೆ ಮುಂಚೆಯೇ ಕರಗುವ ಸಾಮಾನು ಅದು. ಕೆವ್ಲಾರ್‌ಗೆ ಬದಲಾಯಿಸಿದೆ. 1965ರಲ್ಲಿ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಅಮೆರಿಕದ ಕಂಪನಿ ಡ್ಯುಪಾಂಟ್‌ನಲ್ಲಿ ಕಂಡುಕೊಂಡ ನಾರು. ಬಿಸಿಗೆ ಜಗ್ಗುವುದಿಲ್ಲ, ಗಂಟೂ ನಿಲ್ಲುತ್ತದೆ. ಕತ್ತರಿಯನ್ನು ಮಾತ್ರ ಹಾಳು ಮಾಡಿತು. ಬಿಸಿಲಿಗೆ ಬಾಳುವುದಿಲ್ಲ, ಹಾಗಾಗಿ ಬಟ್ಟೆಯ ಒಳಗಡೆ ಹೊಲಿಯಿರಿ.

ನಡುವೆ ಒಂದು ಅಡ್ಡದಾರಿ. 2014ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕ್ಯಾಂಪಸ್ಸಿನ ತಂಡ ಮೀನಿನ ಗಾಳದ ನೈಲಾನ್ ದಾರವನ್ನು ಹುರಿ ಮಾಡಿ ಕೃತಕ ಸ್ನಾಯು ಮಾಡಿತ್ತು. ಬಿಸಿ ಮಾಡಿದರೆ ಕುಗ್ಗುತ್ತದೆ, ಅದೇ ಉದ್ದ, ಅದೇ ತೂಕದ ಮನುಷ್ಯ ಸ್ನಾಯುವಿಗಿಂತ ನೂರು ಪಟ್ಟು ಭಾರ ಎತ್ತುತ್ತದೆ. ಬೆಲ್ಟ್ ತಾನೇ ಬಿಗಿಯಾಗುವ ಹಾಗೆ ಮಾಡಿದರೆ? ದಾರಕ್ಕೆ ಸುಮಾರು 300 ಗ್ರಾಂ ಕಟ್ಟಿ ಡ್ರಿಲ್ಲಿನಿಂದ ತಿರುಗಿಸುತ್ತಾ ಹೋದೆ. ತಿರುಗಿ ತಿರುಗಿ ಒಂದು ಹಂತದಲ್ಲಿ ದಾರ ತಾನೇ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳಲು ಶುರುಮಾಡುತ್ತದೆ. ಆ ನೋಟವೇ ಚೆಂದ. ಬಿಸಿಗಾಳಿ ಬಿಟ್ಟರೆ ಹತ್ತರಲ್ಲಿ ಒಂದು ಭಾಗ ಕುಗ್ಗಿತು. ಎರಡನೇ ದಿನ ದಾರ ಕಡಿದು ತೂಕ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಅಷ್ಟು ಬಿಸಿಯನ್ನು ಮೈಗೆ ತಾಗಿಸಿಕೊಂಡು ಮಲಗುವವರು ಯಾರು, ತಣ್ಣಗಾಗಲು ಬೇರೆ ಹೊತ್ತು ಹಿಡಿಯುತ್ತದೆ ಅಂತ ಕೈಬಿಟ್ಟೆ. ಎರಡು ವಾರಾಂತ್ಯ ಹೋಯಿತು. ಬೇಸರ ಏನಿಲ್ಲ.

ಖರ್ಚು ಕೇಳುವವರಿಗೆ: ನಾಲ್ಕನೇ ಬೆಲ್ಟಿನ ಸಾಮಾನಿಗೆ ಹೋದದ್ದು ಮೊದಲ ಮೂರಕ್ಕೆ ಸುರಿದದ್ದರ ಹತ್ತನೇ ಒಂದು ಭಾಗವೂ ಇಲ್ಲ. ಅತಿ ದುಬಾರಿ ವಸ್ತು ಬ್ಯಾಟರಿ. ಕೆಲಸದ ಗಂಟೆ ಲೆಕ್ಕ ಹಾಕಿದರೆ ರೆಡಿಮೇಡ್ ಬೆಲ್ಟ್ ನಾಲ್ಕು ಬರುತ್ತಿತ್ತು, ಆ ಲೆಕ್ಕ ನಾನು ಹಾಕುವುದಿಲ್ಲ.

ಸದ್ಯ ಹನ್ನೆರಡು ಸಲ ಕೈಯಲ್ಲಿ ಒಗೆದಿದ್ದೇನೆ. ಸುಮ್ಮನಿದ್ದಾಗಿನ ಅಂಕಿ 430ರಿಂದ 390ಕ್ಕೆ ಇಳಿದಿದೆ. ಫೈಬರ್ ಸವೆಯುತ್ತಿದೆಯೋ, ಫೈಬರ್ ಸೇರುವ ಕನೆಕ್ಟರಿನ ಬಾಯಿಗೆ ಸೋಪು ಕೂತಿದೆಯೋ ನೋಡಬೇಕು. ತುದಿಯನ್ನು ಒಂದು ಸಲ 2000ದ ಕಾಗದಕ್ಕೆ ತಿಕ್ಕಿದಾಗ 415ಕ್ಕೆ ಏರಿತು. ನನ್ನ ಅನುಮಾನ ಸೋಪಿನ ಮೇಲೆ.